ಕೊನೆಯ ಪುಟದಲ್ಲಿ ಸ್ವರವಿಲ್ಲ

ಮಂಡಕ್ಕಿ ಭಟ್ಟಿಯ ಶೆಡ್ಡಿನಲ್ಲಿ, ಒಲೆ ಆರಿದ ಮೇಲೆ,
ರಾತ್ರಿ ಹತ್ತಕ್ಕೆ ನಮ್ಮ ತಾಲೀಮು.
ಹೊಟ್ಟಿನ ಮಸಿ ಹಿತ್ತಾಳೆಗೆ ಮೆತ್ತಿ
ಟ್ರಂಪೆಟ್ಟಿನ ಬಾಯಿ ಬಾಣಲೆಯ ತಳದ ಹಾಗೆ.
ಇಪ್ಪತ್ತೆರಡು ಜನ ನಾವು, ದಾವಣಗೆರೆಯ ದಿಬ್ಬಣದ ಬ್ಯಾಂಡು.
ಎರಡು ವರ್ಷ ದಿಬ್ಬಣವೇ ಹೊರಡಲಿಲ್ಲ,
ಊದುವುದೇ ಅಪರಾಧವಾಗಿದ್ದ ಕಾಲ.
ನಾನು ಇದೇ ಭಟ್ಟಿಯಲ್ಲಿ ಚೀಲ ಹೊತ್ತೆ;
ಸೈಡ್ ಡ್ರಮ್ಮಿನ ಮೇಲೆ ಹೆಂಡತಿ ಈರುಳ್ಳಿ ಹರವಿದ್ದಳು.

ಪಾಲಿಕೆಯವರು ದಸ್ತಗೀರ್ ಮಾಸ್ತರನ್ನು ಕೇಳಿದರು:
ದುಡಿದವರಿಗೆ ಸನ್ಮಾನ, ಗಾಜಿನಮನೆ ಮುಂದೆ.
ಏನಾದರೂ ಜೋರಾಗಿ, ಎದೆ ಉಬ್ಬುವಂಥದ್ದು.
ಮಾಸ್ತರು ತಲೆಯಾಡಿಸಿದರು. ಮುಂಗಡ ಎಣಿಸಿಕೊಂಡರು.
ಮಾರನೆಯ ದಿನ ಹಳೇ ಲೂನಾ ಹತ್ತಿ ಊರೆಲ್ಲ ತಿರುಗಿ
ಒಂದೇ ಪ್ರಶ್ನೆ: ನಿಮ್ಮ ಕಿವಿಯಲ್ಲಿ ಏನು ಉಳಿದಿದೆ?

ಕಸದ ಗಾಡಿಯ ಹನುಮಕ್ಕ ಅಂದಳು:
ಚಿಲಕ. ನಾನು ಓಣಿಗೆ ಬಂದೆ ಅಂದ್ರೆ
ಒಂದರ ಹಿಂದೊಂದು ಚಿಲಕ. ನಲವತ್ಮೂರು ಮನೆ.
ಹೆಣದ ವ್ಯಾನಿನ ಪರಸಪ್ಪ: ಸೈರನ್ ಅಲ್ಲ ಸಾಹೇಬ್ರೆ,
ರಸ್ತೆ ಖಾಲಿ, ಸೈರನ್ ಯಾರಿಗೆ?
ಇಂಡಿಕೇಟರ್, ಟಿಕ್ ಟಿಕ್. ತಿರುವೇ ಇಲ್ಲದ ಕಡೆಯೂ
ಹಾಕ್ಕಂಡು ಹೋಗ್ತಿದ್ದೆ, ಜೊತೆಗೊಂದು ಇರ್ಲಿ ಅಂತ.
ಆಶಾ ಕೊಟ್ರಮ್ಮ ಏನೂ ಹೇಳಲಿಲ್ಲ. ಪೆನ್ನಿನ ತುದಿಯಿಂದ
ತನ್ನದೇ ಬಾಗಿಲು ಬಡಿದು ತೋರಿಸಿದಳು, ಮೂರು ಸಲ. ಆಮೇಲೆ
ಎರಡು ತಿಂಗಳ ಗೌರವಧನ ಬಂದಿಲ್ಲ, ಅದನ್ನೂ ಬರೀರಿ ಎಂದಳು.
ಅದನ್ನೂ ಬರೆದರು: ಟ್ರಾಂಬೋನಿಗೆ ಎಂಟು ಮಾತ್ರೆ ಕಾಯುವ ಜಾಗ,
ಹಾಲೇಶಿ ಚಾಚಿದ ಕೈ ಚಾಚಿಕೊಂಡೇ ನಿಲ್ಲಬೇಕು.

ಜಿಲ್ಲಾಸ್ಪತ್ರೆಯ ಫಿಲೋಮಿನಾ ಸಿಸ್ಟರ್ ಮಾತ್ರ
ನೆನಪಿಲ್ಲ ಎಂದರು. ಕೈ ತೊಳೆಯಲು ಎದ್ದು ಹೋದರು.
ಎರಡನೇ ಅಲೆಯಲ್ಲಿ ಹದಿಮೂರು ದಿನ
ಅವರ ವಾರ್ಡಿನಲ್ಲೇ ಮಲಗಿದ್ದವರು ನಮ್ಮ ಮಾಸ್ತರು.
ಸಿಸ್ಟರಿಗೆ ಗುರುತು ಸಿಗಲಿಲ್ಲ;
ಇವರಿಗೂ ಗೊತ್ತಿದ್ದದ್ದು ಬರೀ ಕಣ್ಣು.
ಅಂದಿನಿಂದ ಕ್ಲಾರಿಯೋನೆಟ್ ಪೆಟ್ಟಿಗೆಯಲ್ಲಿದೆ,
ಉದ್ದನೆಯ ಸ್ವರಕ್ಕೆ ಎದೆ ಸಾಲುವುದಿಲ್ಲ,
ಕೈ ಆಡಿಸುತ್ತಾರೆ ಅಷ್ಟೆ.
ಸಿಸ್ಟರಿಗೆಂದು ಕೊನೆಯ ಪುಟ ಖಾಲಿ ಬಿಟ್ಟರು.

ಆ ಸಂಜೆ ಶಾಲು, ಹಾರ, ಹಣ್ಣಿನ ಬುಟ್ಟಿ,
ಭಾಷಣ ಒಂದೂವರೆ ತಾಸು.
ಗಣ್ಯರು ಕಾರು ಹತ್ತಿದ ಮೇಲೆ ನಾವು.
ನನ್ನ ಕಡ್ಡಿ ಡ್ರಮ್ಮಿನ ಅಂಚಿಗೆ ಚಿಲಕವಾಯಿತು.
ಎಲ್ಲೋ ಲೆಕ್ಕ ತಪ್ಪಿ ನಲವತ್ತೆರಡಕ್ಕೇ ನಿಂತೆ.
ಹನುಮಕ್ಕ ಕೂತಲ್ಲೇ ಚಪ್ಪಲಿಯಿಂದ
ಇನ್ನೊಂದು ಬಡಿದಳು.

ಆಮೇಲೆ ಆ ಪುಟ.
ಹದಿನೇಳು ಜನ ವಾದ್ಯ ತುಟಿಗಿಟ್ಟು
ಸ್ವರ ಹುಟ್ಟಿಸದೆ ಬರೀ ಉಸಿರು ಬಿಟ್ಟರು.
ಎಳೆದರು. ಬಿಟ್ಟರು. ಎಲ್ಲರದೂ ಒಂದೇ ಎದೆ.
ಹಿತ್ತಾಳೆಯ ಕೊಳವೆಗಳಲ್ಲಿ
ಗಾಳಿ ಹೋಗಿ ಬರುವ ಸದ್ದು.
ಮೈಕಿನವನು ಗಾಬರಿಬಿದ್ದು ವೈರು ಅಲ್ಲಾಡಿಸಿದ.
ಹಿಂದಿನ ಸಾಲಿನ ಹುಡುಗರು ನಕ್ಕರು, ಸುಮ್ಮನಾದರು.

ಆ ಪುಟದಲ್ಲಿ ನನಗೆ ಕೆಲಸವಿಲ್ಲ. ಹಾಗಾಗಿ ಕಂಡಿತು:
ಫಿಲೋಮಿನಾ ಸಿಸ್ಟರ್ ಎಡಗೈ ತಿರುಗಿಸಿ
ಗಡಿಯಾರ ನೋಡುತ್ತಿದ್ದರು. ಡ್ಯೂಟಿಗೆ ಹೊತ್ತಾಯಿತೇನೋ ಅಂದುಕೊಂಡೆ.
ತುಟಿ ಅಲ್ಲಾಡುತ್ತಿತ್ತು.
ನಮ್ಮ ಯೂಫೋನಿಯಂ ಅಜ್ಜನ ಅಂಗಿಯ ಮೂರನೇ ಗುಂಡಿ
ಏರುವುದನ್ನು, ಇಳಿಯುವುದನ್ನು
ಎಣಿಸುತ್ತಿದ್ದರು.
ನಿಮಿಷ ತುಂಬಿದಾಗ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ,
ಅಲ್ಲಿ ಯಾರೋ ಚಾರ್ಟು ಹಿಡಿದು ನಿಂತಿದ್ದಾರೆ ಎಂಬಂತೆ,
ಹೇಳಿದರು: ಹದಿನೆಂಟು.
ಸರಿಯಾಗಿದೆ. ಬರಕೋ.